ಕೆರೆಯ ಮೀನು ಮತ್ತು ಮನೆಯ ಊಟ

ಬೆಂಗಳೂರಿನ ಸುತ್ತಣ ರಾಗಿಯ ಸೀಮೆಯಲ್ಲಿ ಮುದ್ದೆಗೆ ಮೀನಿನ ಸಾರಿನಷ್ಟು ಒಪ್ಪುವ ವ್ಯಂಜನವು ಮತ್ತೊಂದಿಲ್ಲವೆಂದು ಹೇಳುವ ಮನೆಗಳು ಬಹಳವಾಗಿವೆ. ಈ ಸಾರಿನ ರುಚಿಗೆ ಮಸಾಲೆಯೇ ಮೂಲವೆಂದು ಸಾಮಾನ್ಯರ ಅಭಿಪ್ರಾಯ. ಮಸಾಲೆಯು ಅವಶ್ಯಕವೆಂಬುದು ನಿಜವೇ. ಆದರೆ ಮೀನು ಯಾವ ನೀರಿನಲ್ಲಿ ಬೆಳೆಯಿತು, ಹಿಡಿದ ಎಷ್ಟು ಹೊತ್ತಿಗೆ ಮನೆಗೆ ಬಂದಿತು ಎಂಬ ಎರಡು ಸಂಗತಿಗಳು ಮಸಾಲೆಗಿಂತ ಮುಖ್ಯವಾದವು. ಇವೆರಡೂ ಗೃಹಿಣಿಯ ಕೈಯಲ್ಲಿಲ್ಲ. ಗ್ರಾಮದ ಮುಖಂಡರ ಮತ್ತು ಜಮೀನುದಾರರ ಕೈಯಲ್ಲಿವೆ. ಆದಕಾರಣ ಅಡಿಗೆಯ ವಿಷಯವು ವ್ಯವಸಾಯಗಾರರಿಗೆ ಸಂಬಂಧಪಟ್ಟದ್ದಲ್ಲವೆಂದು ಭಾವಿಸತಕ್ಕದ್ದಲ್ಲ.

ಬೊಮ್ಮನಹಳ್ಳಿಯ ನಿದರ್ಶನ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ರಸ್ತೆಯ ಮೇಲಿರುವ ಬೊಮ್ಮನಹಳ್ಳಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ. ಮಡಿವಾಳ, ಅಗರ, ಬೇಗೂರು, ಹುಳಿಮಾವು, ಅರೆಕೆರೆ ಮುಂತಾದ ಕೆರೆಗಳು ಈ ಊರಿನ ಆಸುಪಾಸಿನಲ್ಲಿವೆ. ಕೆರೆಯ ನೀರು ತಗ್ಗಿದ ಬೇಸಿಗೆಯಲ್ಲಿ ಊರವರು ಬಲೆ, ಗಾಳ, ಕೂಳಿಗಳನ್ನು ಹಿಡಿದು ಇಳಿಯುವುದೂ, ಆ ದಿನ ಸಾಯಂಕಾಲ ಮನೆಮನೆಯಲ್ಲಿಯೂ ಸಾರು ಕುದಿಯುವುದೂ ಈ ಸೀಮೆಯ ಹಳ್ಳಿಗಳ ವಾಡಿಕೆಯಾಗಿದ್ದಿತು. ಕಾಲಕ್ರಮದಲ್ಲಿ ಹೊಲಗಳಿದ್ದೆಡೆ ಕಾರ್ಖಾನೆಗಳೂ ಸಿದ್ಧ ಉಡುಪಿನ ಗಿರಣಿಗಳೂ ಬಾಡಿಗೆಯ ಮನೆಗಳೂ ಎದ್ದವು. ೨೦೦೭ನೆಯ ಇಸವಿಯಲ್ಲಿ ಬೊಮ್ಮನಹಳ್ಳಿಯ ನಗರಸಭೆಯು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು.

ಜನ ಹೆಚ್ಚಿದಂತೆ ಚರಂಡಿಯ ನೀರು ಕೆರೆಗಳ ಕಡೆಗೆ ಹರಿಯಿತು. ೨೦೧೬ನೆಯ ಇಸವಿ ಮಾರ್ಚಿ ತಿಂಗಳಿನಲ್ಲಿ ಹಲಸೂರು ಕೆರೆಯ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದುದನ್ನೂ, ೨೦೧೭ನೆಯ ಇಸವಿ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯ ಮೇಲೆ ಬೆಂಕಿ ಕಾಣಿಸಿಕೊಂಡುದನ್ನೂ ಎಲ್ಲರೂ ಬಲ್ಲರು. ಈಗ ಈ ಭಾಗದ ಅಂಗಡಿಗಳಲ್ಲಿ ಮಾರುವ ಕಾಟ್ಲಾ, ರೋಹು ಮೀನುಗಳಲ್ಲಿ ಬಹುಪಾಲು ಆಂಧ್ರದ ಕೃಷ್ಣಾ ಗೋದಾವರಿ ಬಯಲಿನ ಕೊಳಗಳಿಂದ, ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ, ನೂರಾರು ಮೈಲಿ ದಾಟಿ ಬರುವವು. ಸುತ್ತಲೂ ಕೆರೆಗಳನ್ನಿಟ್ಟುಕೊಂಡ ಊರು ಮೀನಿಗಾಗಿ ಪರಸೀಮೆಯನ್ನು ನಂಬಬೇಕಾದುದು ವಿಚಾರಾರ್ಹವಾದ ವಿಷಯ.

ಮೀನುಗಳ ತೌರೂರು

ಕೊರವೆ, ಚೇಳುಮೀನು ಮುಂತಾದವು ಈ ನಾಡಿನ ಕೆರೆಗಳ ಸಹಜ ಮೀನುಗಳು. ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆಗಳು ಗಂಗಾನದಿಯ ಬಯಲಿನವು. ಇವು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ೧೯೫೭ನೆಯ ಇಸವಿ ಜುಲೈ ೧೦ನೆಯ ತಾರೀಖು ಒಡಿಸ್ಸಾದಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿಯವರು ಗ್ರಂಥಿರಸವನ್ನು ಚುಚ್ಚಿ ಇವುಗಳನ್ನು ಮರಿಮಾಡಿಸುವುದರಲ್ಲಿ ಯಶಸ್ಸು ಪಡೆದ ತರುವಾಯವೇ ದೂರದ ಕೆರೆಗಳಿಗೂ ಮರಿಗಳು ಧಾರಾಳವಾಗಿ ದೊರೆಯುವಂತಾಯಿತು. ಚೀನಾದ ಮೂಲದ ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳು ೧೯೫೯ರಲ್ಲಿ ಭಾರತಕ್ಕೆ ಬಂದವು. ಜನರು ಜಿಲೇಬಿಯೆಂದು ಕರೆಯುವ ಮೀನಿನ ಮೂಲವು ಆಫ್ರಿಕಾ ಖಂಡ.

ಹೀಗೆ ಮೀನು ಹೊರಗಿನಿಂದ ಬಂದಿರುವಾಗ ಅದರ ತೌರಿನವರು ಅದನ್ನು ಅಡಿಗೆಮಾಡುವ ಕ್ರಮವನ್ನೂ ತಿಳಿಯುವುದು ಲಾಭಕರ. ಬೊಮ್ಮನಹಳ್ಳಿಯಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ. ಬಂಗಾಳ, ಒಡಿಸ್ಸಾ, ಅಸ್ಸಾಮು, ಮಣಿಪುರಗಳಿಂದ ದುಡಿಮೆಗಾಗಿ ಬಂದವರೂ ಕರಾವಳಿಯವರೂ ಊರಿನವರೊಡನೆ ನೆರೆಹೊರೆಯಾಗಿರುವರು. ಒಂದೇ ಅಂಗಡಿಯ ಮೀನು ಒಂದೇ ಬೀದಿಯಲ್ಲಿ ನಾಲ್ಕು ವಿಧವಾಗಿ ಬೇಯುವುದು.

ಆಯ್ಕೆ ಮತ್ತು ಶುದ್ಧಿ

ಒಳ್ಳೆಯ ಮೀನಿನ ಕಣ್ಣು ಉಬ್ಬಿ ತಿಳಿಯಾಗಿರುವುದು; ಕಿವಿರು ಕೆಂಪಾಗಿರುವುದು; ಬೆರಳಿನಿಂದ ಒತ್ತಿದ ಮಾಂಸವು ಕೂಡಲೇ ಮೇಲಕ್ಕೇಳುವುದು. ಕಣ್ಣು ಗುಳಿಬಿದ್ದು ಕಿವಿರು ಕಂದಿದ ಮೀನನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಸತ್ತು ತೇಲಿದ ಮೀನನ್ನು ಯಾವ ಕಾರಣಕ್ಕೂ ಮನೆಗೆ ತರಬಾರದು. ಕೆರೆಯಿಂದ ತೆಗೆದ ಮೀನನ್ನು ಒಡನೆಯೇ ಬೇಯಿಸದಿದ್ದರೆ ಮೀನಿನಷ್ಟೇ ತೂಕದ ಪುಡಿ ಮಂಜುಗಡ್ಡೆಯಲ್ಲಿ ಹೂಳಿಡತಕ್ಕದ್ದು.

ಹೊಟ್ಟೆಯನ್ನು ಸೀಳುವಾಗ ಪಿತ್ತಕೋಶವು ಒಡೆಯದಂತೆ ನೋಡಿಕೊಳ್ಳಬೇಕು. ಒಡೆದರೆ ಮಾಂಸವೆಲ್ಲಾ ಕಹಿಯಾಗುವುದು. ರೋಹು, ಹುಲ್ಲುಗೆಂಡೆ ಮೊದಲಾದವುಗಳ ಪಿತ್ತಕೋಶವನ್ನು ಔಷಧಿಯೆಂದು ಹಸಿಯಾಗಿ ನುಂಗುವ ಮೂಢಪದ್ಧತಿ ಕೆಲವೆಡೆ ಉಂಟು. ಹೀಗೆ ನುಂಗಿದವರ ಮೂತ್ರಪಿಂಡಗಳು ಕೆಟ್ಟುಹೋದ ಸಂಗತಿಗಳು ವೈದ್ಯರಿಗೆ ಚೆನ್ನಾಗಿ ತಿಳಿದಿವೆ. ಪಿತ್ತಕೋಶವನ್ನು ಕರುಳಿನೊಡನೆ ಆಳವಾದ ಗುಂಡಿಯಲ್ಲಿ ಹೂಳಿ, ಮೇಲೆ ತೆಂಗಿನ ಗಿಡವನ್ನೋ ಕರಿಬೇವನ್ನೋ ನೆಟ್ಟರೆ ಗೊಬ್ಬರಕ್ಕೆ ಉಪಯೋಗವಾಗುವುದು.

ಕೆರೆಯ ಮೀನಿಗೆ ಮಣ್ಣಿನ ವಾಸನೆಯೆಂಬ ದೂರು ಹಳೆಯದು. ನೀರಿನಲ್ಲಿ ಬೆಳೆಯುವ ನೀಲಿಹಸುರು ಪಾಚಿಯೇ ಮೊದಲಾದ ಸೂಕ್ಷ್ಮಜೀವಿಗಳು ಉತ್ಪತ್ತಿಮಾಡುವ ಜಿಯೋಸ್ಮಿನ್ ಎಂಬ ದ್ರವ್ಯವು ಮೀನಿನ ಮಾಂಸದಲ್ಲಿ ಸೇರುವುದೇ ಇದಕ್ಕೆ ಕಾರಣ. ಜೀವಂತ ಮೀನನ್ನು ಕೆಲವು ದಿವಸ ಶುದ್ಧವಾದ ಹರಿಯುವ ನೀರಿನಲ್ಲಿಟ್ಟರೆ ವಾಸನೆಯು ಇಳಿಯುವುದು. ಅದಕ್ಕೆ ಅನುಕೂಲವಿಲ್ಲದಿದ್ದರೆ ತುಂಡುಗಳಿಗೆ ಉಪ್ಪು, ಅರಿಶಿನ ಮತ್ತು ಹುಣಸೆಯ ರಸವನ್ನು ಸವರಿ ಅರ್ಧ ಗಂಟೆ ಬಿಟ್ಟು ತೊಳೆಯಬೇಕು. ಹುಳಿಯು ಜಿಯೋಸ್ಮಿನ್ನಿನ ವಾಸನೆಯನ್ನು ಕುಗ್ಗಿಸುವುದು. ಶಾಸ್ತ್ರವನ್ನು ಓದದ ಅಜ್ಜಿಯರು ಹುಣಸೆಯಿಲ್ಲದೆ ಮೀನಿನ ಸಾರು ಮಾಡದಿದ್ದುದು ಈ ದೃಷ್ಟಿಯಿಂದ ಬಹಳ ಯುಕ್ತವಾಗಿದೆ.

ಊರ ಪದ್ಧತಿಯ ಸಾರು

ಆರು ಮಂದಿಯ ಸಂಸಾರಕ್ಕೆ ಒಂದು ಕಿಲೋ ಮೀನು ಸಾಕು. ಮೂರು ದೊಡ್ಡ ಚಮಚ ಧನಿಯ, ಹತ್ತು ಒಣಮೆಣಸಿನಕಾಯಿ, ಒಂದು ಸಣ್ಣ ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ, ಹತ್ತು ಕಾಳು ಮೆಣಸು ಇವನ್ನು ಹದವಾಗಿ ಹುರಿಯಬೇಕು. ಮೆಂತ್ಯವು ಹೆಚ್ಚಾದರೆ ಅಥವಾ ಸೀದರೆ ಸಾರು ಕಹಿಯಾಗುವುದು. ಸುಟ್ಟ ಈರುಳ್ಳಿ ಎರಡು, ಬೆಳ್ಳುಳ್ಳಿಯ ಗಡ್ಡೆ ಒಂದು, ತೆಂಗಿನ ತುರಿ ಒಂದು ಹಿಡಿ, ಟೊಮೇಟೊ ಎರಡು ಇವುಗಳೊಡನೆ ಸೇರಿಸಿ ನುಣ್ಣಗೆ ಅರೆಯಬೇಕು.

ಅಗಲಬಾಯಿಯ ಮಣ್ಣಿನ ಮಡಕೆಯಲ್ಲಿ ಎಣ್ಣೆ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು, ಅರೆದುದನ್ನು ಹಾಕಿ ಹಸಿವಾಸನೆ ಹೋಗುವವರೆಗೂ ಬಾಡಿಸಿ, ನಿಂಬೆಗಾತ್ರದ ಹುಣಸೆಯ ರಸವನ್ನೂ ನೀರನ್ನೂ ಬೆರೆಸಿ ಚೆನ್ನಾಗಿ ಕುದಿಸಬೇಕು. ಮೀನನ್ನು ಕೊನೆಯಲ್ಲಿ ಹಾಕತಕ್ಕದ್ದು. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೆಂದರೆ ಸಾಕು. ಸೌಟಿನಿಂದ ತಿರುವಿದರೆ ತುಂಡುಗಳು ಪುಡಿಯಾಗುವುವು. ಮಡಕೆಯ ಅಂಚನ್ನು ಹಿಡಿದು ಮೆಲ್ಲನೆ ಅಲುಗಿಸಬೇಕು. ಇಳಿಸಿದ ಮೇಲೆ ಒಂದೆರಡು ಗಂಟೆ ಬಿಟ್ಟು ಬಡಿಸಿದರೆ ಹುಳಿಖಾರಗಳು ಮೀನಿಗೆ ಹಿಡಿಯುವುವು.

ನೆರೆನಾಡುಗಳ ಕ್ರಮಗಳು

ಬಂಗಾಳದವರು ಸಾಸಿವೆಯನ್ನು ಹಸಿಮೆಣಸಿನಕಾಯಿ, ಉಪ್ಪಿನೊಡನೆ ಅರೆದು, ಸಾಸಿವೆಯೆಣ್ಣೆ ಬೆರೆಸಿ, ಮೀನಿನ ತುಂಡಿಗೆ ಲೇಪಿಸಿ, ಬಾಳೆಯೆಲೆಯಲ್ಲಿ ಸುತ್ತಿ ಬೇಯಿಸುವರು. ಒಡಿಸ್ಸಾದವರು ಸಾಸಿವೆಗೆ ಬೆಳ್ಳುಳ್ಳಿಯನ್ನೂ ಒಣಗಿಸಿದ ಮಾವಿನಕಾಯಿಯ ಹುಳಿಯನ್ನೂ ಕೂಡಿಸುವರು. ಅಸ್ಸಾಮಿನವರ ತೆಂಗಾ ಎಂಬ ಹುಳಿಸಾರಿಗೆ ಮಸಾಲೆಯು ಅತ್ಯಲ್ಪ. ಟೊಮೇಟೊ ಅಥವಾ ನಿಂಬೆಯ ಹುಳಿಯೊಂದೇ ಪ್ರಧಾನ. ಸೆಕೆಯ ದಿನಗಳಲ್ಲಿ ಅನ್ನದೊಡನೆ ಇದು ಹಿತವಾಗಿರುವುದು.

ಚೀನಾದವರು ಇಡೀ ಮೀನಿನ ಮೈಮೇಲೆ ಅಡ್ಡಗೀರುಗಳನ್ನು ಹಾಕಿ, ಶುಂಠಿಯ ಎಳೆಗಳನ್ನಿಟ್ಟು, ಹಬೆಯಲ್ಲಿ ಬೇಯಿಸಿ, ಎಳೆ ಈರುಳ್ಳಿಯ ಸೊಪ್ಪು, ಸೋಯಾ ರಸ ಮತ್ತು ಕಾದ ಎಣ್ಣೆಯನ್ನು ಮೇಲೆ ಸುರಿಯುವರು. ಇಡ್ಲಿಯ ಪಾತ್ರೆಯುಳ್ಳ ಮನೆಯಲ್ಲಿ ಇದಕ್ಕೆ ಬೇರೆ ಸಲಕರಣೆ ಬೇಡ. ಹಬೆಯ ಅಡಿಗೆಗೆ ಮಾತ್ರ ಮೀನು ಅದೇ ದಿನದ್ದಾಗಿರಬೇಕು, ಏಕೆಂದರೆ ಕೆಟ್ಟ ವಾಸನೆಯನ್ನು ಮರೆಸುವ ಮಸಾಲೆಯು ಅದರಲ್ಲಿಲ್ಲ. ವಿಯೆಟ್ನಾಮಿನವರು ಹುಣಸೆ, ಟೊಮೇಟೊ, ಅನಾನಸುಗಳಿಂದ ಮೀನಿನ ಹುಳಿಸಾರನ್ನು ಮಾಡುವರು. ಸಯಾಮಿನವರ ಸಾರಿಗೆ ಮಜ್ಜಿಗೆಹುಲ್ಲು, ದುಂಪರಾಸ್ಮೆ, ನಿಂಬೆಯ ಜಾತಿಯ ಎಲೆಗಳು ಸೇರುವುವು. ಬರ್ಮಾದೇಶದವರು ಮಜ್ಜಿಗೆಹುಲ್ಲಿನೊಡನೆ ಬೇಯಿಸಿದ ಮೀನಿನ ಗಟ್ಟಿಸಾರನ್ನು ಅಕ್ಕಿಯ ಶಾವಿಗೆಯ ಮೇಲೆ ಹಾಕಿ ಬೆಳಗಿನ ಉಪಹಾರವನ್ನಾಗಿ ಸೇವಿಸುವರು. ಕರಾವಳಿಯವರು ಬಂಗಡೆ, ಬೂತಾಯಿಗಳಿಗೆ ಹಾಕುವ ಜುಮ್ಮನಕಾಯಿಯು ಚೀನಾದ ಸಿಚುವಾನ್ ಮೆಣಸಿನ ದಾಯಾದಿಯೇ ಆಗಿದೆ.

ಇವುಗಳಲ್ಲಿ ಮಜ್ಜಿಗೆಹುಲ್ಲು, ಶುಂಠಿ, ನಿಂಬೆ, ಕರಿಬೇವು, ಬಾಳೆ, ಸಾಸಿವೆ ಎಲ್ಲವೂ ಹಿತ್ತಲಿನಲ್ಲಿಯೂ ಹೊಲದ ಬದುವಿನಲ್ಲಿಯೂ ಬೆಳೆಯತಕ್ಕವು. ಹೊಸ ರುಚಿಗಾಗಿ ಪೇಟೆಯಲ್ಲಿ ಹೆಚ್ಚು ಹಣವನ್ನು ತೆರಬೇಕಾದುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅವಶ್ಯಕ: ಸಯಾಮಿನ ಕೆಲವು ಭಾಗಗಳಲ್ಲಿ ಸಿಹಿನೀರಿನ ಮೀನನ್ನು ಹಸಿಯಾಗಿ ತಿನ್ನುವ ಅಭ್ಯಾಸದಿಂದ ಪಿತ್ತಜನಕಾಂಗಕ್ಕೆ ಹುಳುವಿನ ರೋಗವು ತಗುಲುವುದು. ಆದುದರಿಂದ ಕೆರೆಯ ಮೀನನ್ನು ಒಳಗಿನವರೆಗೂ ಬೇಯಿಸಿಯೇ ಉಣ್ಣತಕ್ಕದ್ದು.

ಊಟದ ಪಂಕ್ತಿ

ನೂರು ಗ್ರಾಂ ಮೀನಿನಲ್ಲಿ ಹದಿನಾರರಿಂದ ಇಪ್ಪತ್ತು ಗ್ರಾಂವರೆಗೆ ಮಾಂಸಜನಕವಿರುವುದು. ಬೆಳೆಯುವ ಮಕ್ಕಳಿಗೂ, ಬಸುರಿ ಬಾಣಂತಿಯರಿಗೂ ಇದು ಹೆಚ್ಚಾಗಿ ಬೇಕು. ಆದರೆ ಅನೇಕ ಮನೆಗಳಲ್ಲಿ ಗಂಡಸರು ಮೊದಲು ಉಂಡು, ಹೆಂಗಸರ ಪಾಲಿಗೆ ಮಡಕೆಯ ತಳದ ಸಾರು ಮಾತ್ರವೇ ಉಳಿಯುವುದುಂಟು. ಅಡಿಗೆಯಾದ ಕೂಡಲೇ ಮನೆಯ ಪ್ರತಿಯೊಬ್ಬರ ತುಂಡನ್ನೂ ಎಣಿಸಿ ತೆಗೆದಿಡುವ ಪದ್ಧತಿಯನ್ನು ಯಜಮಾನರೇ ಆರಂಭಿಸಿದರೆ ಈ ಅನ್ಯಾಯವು ಒಂದೇ ದಿನದಲ್ಲಿ ನಿಲ್ಲುವುದು.

ಗೆಂಡೆಗಳ ಮಾಂಸದ ನಡುವೆ ಕವಲುಮುಳ್ಳುಗಳು ಬಹಳ. ಹೊಟ್ಟೆಯ ಭಾಗದಲ್ಲಿ ಇವು ಕಡಮೆಯಾದ್ದರಿಂದ ಆ ತುಂಡುಗಳನ್ನು ಮಕ್ಕಳಿಗೆ ಕೊಡಬೇಕು; ಬಾಲದ ಭಾಗವನ್ನು ದೊಡ್ಡವರು ತೆಗೆದುಕೊಳ್ಳಬೇಕು. ಕೆರೆಯ ಸಣ್ಣ ಮೀನುಗಳನ್ನು ತಲೆಮುಳ್ಳುಗಳ ಸಹಿತ ಗರಿಗರಿಯಾಗಿ ಹುರಿದು ತಿಂದರೆ ಸುಣ್ಣದ ಅಂಶವೂ, ಕಣ್ಣಿಗೆ ಹಿತವಾದ ಎ ಜೀವಸತ್ವವೂ ದೊರೆಯುವುವು. ಇವನ್ನು ಕೀಳೆಂದು ಬಿಸಾಡುವುದು ಅವಿವೇಕ.

ಕೆರೆಯ ರಕ್ಷಣೆ

ಮೇಲೆ ಹೇಳಿದ ಎಲ್ಲಾ ಅಡಿಗೆಗಳಿಗೂ ಶುದ್ಧವಾದ ನೀರಿನ ಮೀನು ಬೇಕು. ಹುಳಿಯು ಮಣ್ಣಿನ ವಾಸನೆಯನ್ನು ಕಳೆಯಬಲ್ಲುದು. ಕಾರ್ಖಾನೆಯ ನೀರಿನಿಂದ ಮೀನಿಗೆ ಸೇರಿದ ಸೀಸ, ಪಾದರಸಗಳನ್ನು ಯಾವ ಹುಳಿಯೂ ಯಾವ ಬೆಂಕಿಯೂ ಕಳೆಯಲಾರದು. ಚರಂಡಿಯ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಮೀನನ್ನು ಉಣ್ಣದಿರುವುದೇ ಕ್ಷೇಮ. ಬೊಮ್ಮನಹಳ್ಳಿಯ ಆಚೆ ಆನೇಕಲ್ಲು, ಸರ್ಜಾಪುರಗಳ ಕಡೆಯ ಗ್ರಾಮಗಳ ಮೇಲೆಯೂ ಪೇಟೆಯು ಈಗ ಹಬ್ಬುತ್ತಿರುವುದರಿಂದ, ಅಲ್ಲಿಯ ಮುಖಂಡರು ಈ ಕೆಳಗಿನವನ್ನು ಗಮನಿಸತಕ್ಕದ್ದು.

ಒಂದನೆಯದಾಗಿ, ಹೊಸ ಬಡಾವಣೆಗೆ ಜಮೀನು ಕೊಡುವಾಗ ಅದರ ಚರಂಡಿಯು ಎಲ್ಲಿಗೆ ಹೋಗುವುದೆಂಬುದನ್ನು ಕ್ರಯಕ್ಕೆ ಮುಂಚೆಯೇ ವಿಚಾರಿಸಬೇಕು. ಎರಡನೆಯದಾಗಿ, ಕೆರೆಗೆ ಮಳೆನೀರು ತರುವ ರಾಜಕಾಲುವೆಯನ್ನು ಒತ್ತುವರಿಗೆ ಬಿಡಬಾರದು. ಮೂರನೆಯದಾಗಿ, ಔಷಧಿ ಸಿಂಪಡಿಸುವ ಯಂತ್ರಗಳನ್ನೂ ಡಬ್ಬಿಗಳನ್ನೂ ಕೆರೆಯಲ್ಲಿ ತೊಳೆಯಬಾರದು. ಪೈರೆಥ್ರಾಯ್ಡ್ ವರ್ಗದ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕ. ನಾಲ್ಕನೆಯದಾಗಿ, ಮಳೆ ಬಂದು ಕೆರೆಗೆ ನೀರು ನಿಂತ ಮೇಲೆ ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಿ ಒಳ್ಳೆಯ ಮರಿಗಳನ್ನು ಬಿಡಬೇಕು. ೨೦೦೦ನೆಯ ಇಸವಿಯಲ್ಲಿ ನಿಷೇಧಿಸಲ್ಪಟ್ಟ ಆಫ್ರಿಕಾದ ಕ್ಯಾಟ್‌ಫಿಷ್ಷನ್ನು ಯಾರೂ ಬಿಡದಂತೆ ಕಾಯಬೇಕು. ಅದು ಕೆರೆಯ ಬೇರೆ ಮೀನುಗಳನ್ನೆಲ್ಲಾ ನುಂಗುವ ಜಾತಿ.

ಪ್ರತಿ ವರ್ಷವೂ ಜೂನ್ ೧ರಿಂದ ಜುಲೈ ೩೧ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ತಡೆಯಿರುವುದರಿಂದ ಕಡಲ ಮೀನು ಪೇಟೆಯಲ್ಲಿ ದುರ್ಲಭವಾಗುವುದು. ಆ ಎರಡು ತಿಂಗಳಿನಲ್ಲಿ ಶುದ್ಧವಾದ ಕೆರೆಯುಳ್ಳ ಗ್ರಾಮಕ್ಕೆ ಊಟವೂ ಉಂಟು, ವರಮಾನವೂ ಉಂಟು. ಒಮ್ಮೆ ಕೆಟ್ಟ ಕೆರೆಯನ್ನು ಸರಿಪಡಿಸಲು ಕೋಟಿಗಟ್ಟಲೆ ರೂಪಾಯಿಯೂ ಅನೇಕ ವರ್ಷಗಳೂ ಹಿಡಿಯುವುವು. ಕೆಡದಂತೆ ಕಾಯುವುದಕ್ಕೆ ಊರಿನ ಹತ್ತು ಮಂದಿ ಹಿರಿಯರ ಒಮ್ಮತವಿದ್ದರೆ ಸಾಕು. ಮಕ್ಕಳ ತಟ್ಟೆಗೆ ಬೀಳುವ ಮೀನಿನ ತುಂಡನ್ನು ನೆನೆದಾದರೂ ಮುಂದಿನ ಮಳೆಗಾಲಕ್ಕೆ ಮುಂಚೆ ಅವರು ಕೆರೆಯ ಏರಿಯ ಮೇಲೆ ಒಮ್ಮೆ ಸೇರಿ, ನೀರು ಬರುವ ದಾರಿಯನ್ನು ಕಾಲ್ನಡಿಗೆಯಿಂದ ನೋಡಿ ಬರುವುದು ಒಳ್ಳೆಯದು.