ದಾರಿ ಮುಚ್ಚಿದ ಕಾಡು

ಬಂಗಾರಪೇಟೆಯಲ್ಲಿ ಕವಲೊಡೆದ ರೈಲುದಾರಿ ಚಿನ್ನದ ಗಣಿಗಳ ಮಣ್ಣುದಿಬ್ಬಗಳ ಮಗ್ಗುಲಲ್ಲಿ ಹಾದು ಮಾರಿಕುಪ್ಪಂ ಸೇರುತ್ತದೆ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ಈ ನಾಡಿನ ಸಾವಿರಾರು ಸಂಸಾರಗಳ ಬದುಕನ್ನು ಹಿಡಿದು ನಿಲ್ಲಿಸಿದುದು ಈ ದಾರಿ. ನಸುಕಿನ ಗಾಡಿಯಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆ ಸೇರುವವರಿಗೆ ಇದೊಂದು ಜೀವನಾಡಿ. ದಾರಿಯಿದ್ದರೆ ಊರುಂಟು ಎಂಬ ಮಾತನ್ನು ಇಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ಮಾತು ಮನುಷ್ಯರಿಗೆ ಮಾತ್ರ ಸಲ್ಲುವುದಲ್ಲ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯ ರೈತರು ಗಡಿಯಾಚೆಯಿಂದ ಬರುವ ಕಾಡಾನೆಗಳನ್ನು ಬಲ್ಲರು. ಸುಮಾರು ಎರಡು ಶತಮಾನಗಳ ಕಾಲ ಆನೆಯಿಲ್ಲದೆ ಇದ್ದ ಚಿತ್ತೂರು ಸೀಮೆಯ ಕೌಂಡಿನ್ಯ ಕಾಡಿಗೆ 1980ರ ದಶಕದಲ್ಲಿ ಹೊಸೂರು, ಧರ್ಮಪುರಿಗಳ ಕಡೆಯಿಂದ ಆನೆಗಳು ಮತ್ತೆ ನಡೆದು ಬಂದವು. ಮೂರು ರಾಜ್ಯಗಳು ಕೂಡುವ ಈ ಎಡೆಯಲ್ಲಿ ಅವುಗಳ ಓಡಾಟ ಇಂದಿಗೂ ನಿಂತಿಲ್ಲ. ಬೆಳೆ ಕಳೆದುಕೊಂಡವನ ಸಂಕಟ ಸಣ್ಣದಲ್ಲ. ಆದರೂ ಕಾಡುಪ್ರಾಣಿ ಒಂದೆಡೆ ನಿಲ್ಲದೆ ಏಕೆ ಅಲೆಯುತ್ತದೆ, ಅಲೆಯದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಅರಿಯುವುದು ಅವಶ್ಯ. ಬೆಂಗಳೂರಿನ ವಿಜ್ಞಾನಿ ಡಾ. ಉಮಾ ರಾಮಕೃಷ್ಣನ್ ಅವರು ತಮ್ಮ ಸಂಶೋಧನಾ ಜೀವನದ ಬಹುಭಾಗವನ್ನು ಮೀಸಲಿಟ್ಟಿರುವುದು ಈ ಉತ್ತರದ ಶೋಧನೆಗೆ.

ಅವರು ಅಮೆರಿಕೆಯ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಸ್ಟ್ಯಾನ್‌ಫರ್ಡಿನಲ್ಲಿ ಸಂಶೋಧನೆ ಮುಂದುವರಿಸಿ, 2005ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಸೇರಿದರು. ಆ ಕೇಂದ್ರ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗ. ಅದೇ ಸಂಸ್ಥೆಯ ವಿಜ್ಞಾನಿಗಳು 1965ರಲ್ಲಿ ಇಂಗ್ಲೆಂಡ್ ಮತ್ತು ಜಪಾನಿನ ಸಹೋದ್ಯೋಗಿಗಳೊಡನೆ ನಮ್ಮ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಕುಳಿತು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅಗೋಚರ ಕಣದ ಸುಳಿವನ್ನು ಹಿಡಿದಿದ್ದರು. ಕಣ್ಣಿಗೆ ಕಾಣದುದನ್ನು ಅದು ಬಿಟ್ಟುಹೋದ ಗುರುತಿನಿಂದ ಅರಿಯುವುದು ಆ ವಿದ್ಯೆ. ಉಮಾ ಅವರ ವಿದ್ಯೆಯೂ ಅಂತಹುದೇ.

ಹುಲಿಯನ್ನು ಹಿಡಿಯದೆ, ಮುಟ್ಟದೆ, ಎಷ್ಟೋ ವೇಳೆ ಕಾಣದೆಯೇ ಅದರ ವಂಶವನ್ನು ಓದುವುದು ಹೇಗೆ? ಅದು ಕಾಡಿನ ದಾರಿಯಲ್ಲಿ ಬಿಟ್ಟುಹೋದ ಲದ್ದಿಯಿಂದ! ಕರುಳಿನ ಒಳಪೊರೆಯಿಂದ ಕಳಚಿದ ಜೀವಕೋಶಗಳು ಲದ್ದಿಗೆ ಅಂಟಿಕೊಂಡಿರುತ್ತವೆ. ಅವುಗಳಲ್ಲಿ ಡಿ.ಎನ್.ಎ. ಇರುತ್ತದೆ. ಬಿಸಿಲು ಮಳೆಗಳಿಗೆ ಸಿಕ್ಕಿ ಚೂರಾದ ಆ ವಂಶಧಾತುವನ್ನು ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿ, ಅದರ ಅಸಂಖ್ಯ ಪ್ರತಿಗಳನ್ನು ತೆಗೆದು ಓದಿದರೆ, ಅದು ಯಾವ ಹುಲಿ, ಗಂಡೋ ಹೆಣ್ಣೋ, ಯಾವ ಕಾಡಿನ ಹುಲಿಗಳಿಗೆ ನಂಟು ಎಂಬುದೆಲ್ಲ ತಿಳಿಯುತ್ತದೆ. ನಮ್ಮ ಬಂಡೀಪುರದಲ್ಲಿ ಈ ವಿಧಾನವನ್ನು ಪರೀಕ್ಷಿಸಿ ನೋಡಿದಾಗ, ಅದರಿಂದ ದೊರೆತ ಹುಲಿಗಳ ಅಂದಾಜು ಕ್ಯಾಮರಾಗಳಿಂದ ಮಾಡಿದ ಅಂದಾಜಿಗೆ ಹೊಂದಿಕೊಂಡಿತು.

ಹೀಗೆ ಓದಿದ ಪುಟಗಳಲ್ಲಿ ಸಂತೋಷವೂ ಇದೆ, ದುಃಖವೂ ಇದೆ. ಜಗತ್ತಿನ ಹುಲಿಗಳಲ್ಲಿ ಇಂದು ಉಳಿದಿರುವ ವಂಶವೈವಿಧ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದ ಹುಲಿಗಳಲ್ಲಿದೆ ಎಂದು ಉಮಾ ಅವರೂ ಸಹೋದ್ಯೋಗಿಗಳೂ 2009ರಲ್ಲಿ ಪ್ರಕಟಿಸಿದರು. ಬಳಿಕ ಅವರು ಬ್ರಿಟಿಷರ ಕಾಲದಲ್ಲಿ ಬೇಟೆಗೆ ಬಲಿಯಾಗಿ ಬ್ರಿಟನ್ನಿನ ವಸ್ತುಸಂಗ್ರಹಾಲಯಗಳನ್ನು ಸೇರಿದ್ದ ಹುಲಿಗಳ ಅವಶೇಷಗಳಿಂದಲೂ ವಂಶಧಾತುವನ್ನು ತೆಗೆದರು. 2013ರಲ್ಲಿ ಹೊರಬಂದ ಫಲಿತಾಂಶ ಎದೆ ಕಲಕುವಂತಹುದು. ತಾಯಿಯ ಕಡೆಯಿಂದ ಬರುವ ವಂಶಧಾತುವಿನಲ್ಲಿ ಹಿಂದೆ ಇದ್ದ ಭೇದಗಳ ಪೈಕಿ ನೂರಕ್ಕೆ 93ರಷ್ಟು ಇಂದಿನ ಹುಲಿಗಳಲ್ಲಿ ಕಾಣಲಿಲ್ಲ. ಗೋಡೆಯ ಮೇಲಿನ ಒಂದೊಂದು ಹುಲಿಚರ್ಮದೊಡನೆ ಅಳಿದುದು ಒಂದು ಪ್ರಾಣಿಯಷ್ಟೇ ಅಲ್ಲ. ಮರಳಿ ಬಾರದ ಒಂದು ವಂಶದ ಬೆಳಕೂ ಅದರೊಡನೆ ಆರಿತು.

ಉಳಿದುದನ್ನಾದರೂ ಕಾಪಾಡೋಣವೆಂದು 1973ರಲ್ಲಿ ಹುಲಿ ಯೋಜನೆ ಆರಂಭವಾಯಿತು. 2022ರ ಗಣತಿಯಂತೆ ಭಾರತದಲ್ಲಿ 3,682 ಹುಲಿಗಳು, ಕರ್ನಾಟಕದಲ್ಲಿಯೇ 563. ಲೆಕ್ಕವನ್ನು ನೋಡಿದವರು ನಿಟ್ಟುಸಿರು ಬಿಟ್ಟು ನೆಮ್ಮದಿಯಿಂದಿರಬಹುದೆಂದು ತೋರುತ್ತದೆ. ಆದರೆ ತಲೆಯೆಣಿಕೆ ಒಂದು, ವಂಶದ ಆರೋಗ್ಯ ಮತ್ತೊಂದು. ರಾಜಸ್ಥಾನದ ರಣಥಂಭೋರ್ ಕಾಡಿನ ಹುಲಿಗಳು ಬೇರೆ ಹುಲಿಗಳ ಸಂಪರ್ಕವಿಲ್ಲದೆ ಬಹುಕಾಲದಿಂದ ದ್ವೀಪವಾಸಿಗಳಂತೆ ಬದುಕಿವೆ. ನಂಟರು ನಂಟರಲ್ಲಿಯೇ ಕೂಡಿದಾಗ ತಂದೆ ತಾಯಿಗಳಿಬ್ಬರಿಂದಲೂ ಒಂದೇ ಬಗೆಯ ವಂಶವಾಹಿ ಮರಿಗೆ ಬರುತ್ತದೆ. ಒಬ್ಬರಿಂದ ಬಂದಾಗ ಅಡಗಿಕೊಂಡಿರುವ ದೋಷ, ಇಬ್ಬರಿಂದಲೂ ಬಂದಾಗ ತಲೆಯೆತ್ತುತ್ತದೆ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಣಥಂಭೋರಿನ ಹುಲಿಗಳಲ್ಲಿ ಇಂತಹ ಒಳಸಂತಾನದ ಗುರುತುಗಳು ಸ್ಪಷ್ಟವಾಗಿ ಕಂಡವು. ತೀರ ಕೆಡುಕಿನ ಕೆಲವು ದೋಷಗಳನ್ನು ಪ್ರಕೃತಿ ತಾನೇ ಸೋಸಿ ತೆಗೆದಿತ್ತು. ಆದರೆ ಉಳಿದ ದೋಷಗಳು ಜೋಡಿಯಾಗಿ ಬೇರೂರಿದ್ದವು.

ಒಡಿಶಾದ ಸಿಮಿಲಿಪಾಲ ಕಾಡಿನ ಕಥೆ ಇನ್ನೂ ವಿಚಿತ್ರ. ಅಲ್ಲಿನ ಕೆಲವು ಹುಲಿಗಳ ಪಟ್ಟೆಗಳು ಅಗಲವಾಗಿ ಒಂದರೊಳಗೊಂದು ಬೆರೆತು, ಮೈ ಕಪ್ಪಾಗಿ ಕಾಣುತ್ತದೆ. ನೋಡಿದವರು ಬೆರಗಾಗುತ್ತಾರೆ. ಅದೇ ವರ್ಷ ಉಮಾ ಅವರ ತಂಡ ಇದರ ಮೂಲವನ್ನು ಕಂಡುಹಿಡಿಯಿತು: ಟ್ಯಾಕ್‌ಪೆಪ್ ಎಂಬ ಒಂದೇ ಒಂದು ವಂಶವಾಹಿಯಲ್ಲಿ ಆದ ಸಣ್ಣ ಮಾರ್ಪಾಟು! ಸಾಕುಬೆಕ್ಕುಗಳ ಮೈಮೇಲೆ ಸುರುಳಿ ಸುರುಳಿಯಾದ ಪಟ್ಟೆ ಬರುವುದಕ್ಕೂ ಇದೇ ವಂಶವಾಹಿಯ ಮಾರ್ಪಾಟು ಕಾರಣ. ತಂಡ ಪರೀಕ್ಷಿಸಿದ ಬೇರೆ ಕಾಡುಗಳ ಹುಲಿಗಳಲ್ಲಿ ಕಾಣದ ಈ ಲಕ್ಷಣ ಇಲ್ಲಿ ಹಬ್ಬಿದುದೇಕೆ? ಕೆಲವೇ ಹುಲಿಗಳಿಂದ ಬೆಳೆದ ಸಂತಾನಕ್ಕೆ ಹೊರಗಿನ ನೆತ್ತರು ಬೆರೆಯಲಿಲ್ಲವಾದ್ದರಿಂದ. ಪ್ರವಾಸಿಗೆ ಸೊಬಗಾಗಿ ಕಂಡುದು ವಿಜ್ಞಾನಿಗೆ ಒಂಟಿತನದ ಕುರುಹಾಗಿ ಕಂಡಿತು.

ಲದ್ದಿ ಹೇಳುವುದು ವಂಶದ ಕಥೆಯೊಂದನ್ನೇ ಅಲ್ಲ. ದೇಹ ಅನುಭವಿಸುವ ಒತ್ತಡದ ಕಥೆಯೂ ಅದರಲ್ಲಿದೆ. ಭೀತಿ, ಹಸಿವು, ಗದ್ದಲಗಳಿಗೆ ಸಿಕ್ಕಿದ ಪ್ರಾಣಿಯಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿ ಒಂದು ರಸವನ್ನು ಸುರಿಸುತ್ತದೆ. ಅದು ಅಪಾಯದಿಂದ ಪಾರಾಗಲು ಜೀವಕೋಶಗಳನ್ನು ಸಜ್ಜುಗೊಳಿಸುತ್ತದೆ. ಬಹುದಿನ ನಿಲ್ಲದೆ ಸುರಿದರೆ ಅವುಗಳನ್ನೇ ಸವೆಸುತ್ತದೆ. ಅದರ ಅಂಶವನ್ನು ಲದ್ದಿಯಲ್ಲಿ ಅಳೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಮನ್ ಸುಕುಮಾರ್ ಮೊದಲಾದವರು ಆನೆಗಳಲ್ಲಿ ಇದನ್ನು ಅಳೆದು, ಬೇಸಗೆಯಲ್ಲಿ ಬಡಕಲಾದ ಆನೆಗಳ ಒತ್ತಡ ಹೆಚ್ಚೆಂದು ಕಂಡರು. ಹೈದರಾಬಾದಿನ ವಿಜ್ಞಾನಿಗಳು ಕಾನ್ಹಾ, ಬಾಂಧವಗಢ ಕಾಡುಗಳಲ್ಲಿ ಹುಲಿಗಳ ಒತ್ತಡವನ್ನು ಅಳೆದಾಗ, ಪ್ರವಾಸಿಗಳ ವಾಹನಗಳು ನುಗ್ಗುವ ಕಾಲದಲ್ಲಿ ಅದು ಏರಿತ್ತೆಂಬುದು 2019ರಲ್ಲಿ ತಿಳಿದುಬಂತು. ರಜೆಯಲ್ಲಿ ಮಕ್ಕಳೊಡನೆ ಕಾಡಿಗೆ ಹೋಗುವ ನಾವು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಹಾಗಾದರೆ ಪರಿಹಾರವೇನು? ಒಂದು, ಹೊರಗಿನಿಂದ ಹುಲಿಗಳನ್ನು ತಂದು ಬಿಡುವುದು. 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ಸಿಮಿಲಿಪಾಲಕ್ಕೆ ತಂದರು. ಜೀನತ್ ಅಲ್ಲಿ ನಿಲ್ಲದೆ ಬಂಗಾಳದವರೆಗೆ ನಡೆದುಹೋಯಿತು. ಬಾಂಕುರಾದಲ್ಲಿ ಅದನ್ನು ಹಿಡಿದು ಮರಳಿ ತರಬೇಕಾಯಿತು. ಲಾರಿಯಲ್ಲಿ ತಂದ ನಂಟಸ್ತಿಕೆ ಅಷ್ಟು ಸುಲಭವಲ್ಲ. ಎರಡನೆಯದು, ಪ್ರಾಣಿ ತಾನೇ ನಡೆದುಹೋಗಲು ಕಾಡಿನಿಂದ ಕಾಡಿಗೆ ದಾರಿಯನ್ನು ಉಳಿಸುವುದು. ಹೊಲ, ಊರು, ರಸ್ತೆಗಳ ನಡುವೆಯೂ ಮಧ್ಯಭಾರತದ ಹುಲಿಗಳು ನೂರಾರು ಕಿಲೋಮೀಟರು ದೂರದ ಕಾಡುಗಳ ನಡುವೆ ನಂಟನ್ನು ಉಳಿಸಿಕೊಂಡಿರುವುದನ್ನು ಉಮಾ ಅವರ ತಂಡ ತೋರಿಸಿದೆ. ಪೇಂಚ್ ಕಾಡನ್ನು ಸೀಳುವ 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಕಂಬಗಳ ಮೇಲೆತ್ತಿ ಕೆಳಗೆ ದಾರಿ ಬಿಟ್ಟಾಗ, ಹುಲಿಗಳು ಅದರಡಿಯಲ್ಲಿ ಹಾದುಹೋದುದು ಕ್ಯಾಮರಾಗಳಲ್ಲಿ ಸೆರೆಯಾಯಿತು.

ಈ ಸೇವೆಗಾಗಿ 2016ರಲ್ಲಿ ಷಿಕಾಗೊದ ಫೀಲ್ಡ್ ವಸ್ತುಸಂಗ್ರಹಾಲಯ ಉಮಾ ಅವರಿಗೆ ಪಾರ್ಕರ್–ಜೆಂಟ್ರಿ ಪ್ರಶಸ್ತಿಯನ್ನಿತ್ತಿತು. ಅದನ್ನು ಪಡೆದ ಭಾರತೀಯರಲ್ಲಿ ಅವರೇ ಮೊದಲಿಗರು. 2024ರಲ್ಲಿ ಅವರ ತಂಡ ಆನೆಗಳ ವಂಶವನ್ನೂ ಓದಿ, ಭಾರತದ ಆನೆಗಳಲ್ಲಿ ಐದು ಬೇರೆ ಬೇರೆ ಬಳಗಗಳುಂಟೆಂದೂ, ದಕ್ಷಿಣದ ತುದಿಯಲ್ಲಿರುವ ಬಳಗದಲ್ಲಿ ವೈವಿಧ್ಯ ತೀರ ಕಡಮೆಯೆಂದೂ ತಿಳಿಸಿತು.

ಕಾಮಸಮುದ್ರದ ರೈತನಿಗೆ ನಷ್ಟಪರಿಹಾರ ಸಕಾಲದಲ್ಲಿ ದೊರೆಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆನೆಯ ದಾರಿಯನ್ನು ಎಲ್ಲೆಡೆಯೂ ಮುಚ್ಚಿಬಿಡುವುದು ಪರಿಹಾರವಲ್ಲ. ಮುಚ್ಚಿದ ಕಾಡಿನ ಪ್ರಾಣಿ ಒಂದೇ ದಿನದಲ್ಲಿ ಸಾಯುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ಒಳಗೊಳಗೇ ಸೊರಗುತ್ತದೆ. ನಸುಕಿನಲ್ಲಿ ಮಾರಿಕುಪ್ಪಂ ಗಾಡಿಗಾಗಿ ಕಾದು ನಿಲ್ಲುವವರಿಗೆ ಈ ಮಾತು ಬೇರೆಯವರಿಗಿಂತ ಬೇಗ ಅರ್ಥವಾದೀತು.