ಮುಖ ಒಬ್ಬರದು, ಕಂಠ ಇನ್ನೊಬ್ಬರದು

ಕೃಷ್ಣರಾಜ ಮಾರುಕಟ್ಟೆಯಿಂದ ಅವೆನ್ಯೂ ರಸ್ತೆಗೆ ಹೊರಳಿ ಹಳೆಯ ಪುಸ್ತಕಗಳ ರಾಶಿಯನ್ನು ತಾಳ್ಮೆಯಿಂದ ಕೆದಕುವವರಿಗೆ ಒಮ್ಮೊಮ್ಮೆ ಸಿನಿಮಾ ಹಾಡಿನ ಪುಸ್ತಕವೊಂದು ದೊರೆಯುವುದುಂಟು. ಹಿಂದೆ ಚಿತ್ರಮಂದಿರದ ಬಾಗಿಲಲ್ಲಿ ಪುಡಿಗಾಸಿಗೆ ಮಾರಾಟವಾಗುತ್ತಿದ್ದ ಈ ತೆಳುಹೊತ್ತಗೆಯ ಒಳಹಾಳೆಗಳು ಅಗ್ಗದ ಕಾಗದದವು. ಕಥಾಸಾರವಂತೂ ಕುತೂಹಲದ ಘಟ್ಟದಲ್ಲೇ ನಿಂತು, ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಕೈಮುಗಿಯುತ್ತಿತ್ತು! ಬಣ್ಣದ ವೈಭವವೆಲ್ಲ ಮುಖಪುಟಕ್ಕೆ ಮೀಸಲು.

ಆ ಮುಖಪುಟವನ್ನು ಕೊಂಚ ನಿಂತು ನೋಡಬೇಕು. ನಾಯಕ ನಾಯಕಿಯರ ಮುಖಗಳು ಹಾಳೆಯ ಬಹುಭಾಗವನ್ನು ಆಕ್ರಮಿಸಿರುತ್ತವೆ. ಚಿತ್ರದ ಹೆಸರು ಕಲಾವಿದನ ಕುಂಚದಿಂದ ಮೂಡಿದ ದಪ್ಪ ಅಕ್ಷರಗಳಲ್ಲಿ ಹಾಯ್ದಿರುತ್ತದೆ. ಅಚ್ಚಿನ ಮೊಳೆಗಳಲ್ಲಿ ಸಿಗದ ಬಾಗುಬಳುಕು ಅವುಗಳಲ್ಲುಂಟು. ಕನ್ನಡ ಲಿಪಿಯ ಸೊಬಗಿಗೆ ಇದಕ್ಕಿಂತ ಅಗ್ಗದ ಪ್ರದರ್ಶನ ಬೇರೊಂದಿರಲಾರದು.

ಆದರೆ ಪ್ರೇಕ್ಷಕನು ಕಾಸು ತೆತ್ತದ್ದು ಹಾಡಿಗಾಗಿ. ಹಾಡಿದವರೆಲ್ಲಿ? ಪಿ. ಬಿ. ಶ್ರೀನಿವಾಸರ ಮಧುರ ಕಂಠ ಎಷ್ಟೋ ವರ್ಷ ರಾಜಕುಮಾರರ ಮುಖದ ಮರೆಯಲ್ಲಿಯೇ ನಿಂತಿತು. ಗಾಯಕರ ಹೆಸರನ್ನು ಹುಡುಕಬೇಕಾದವರು ಒಳಪುಟದ ಸಣ್ಣಕ್ಷರಗಳಿಗೆ ಇಳಿಯಬೇಕಾಗಿತ್ತು.

1974ರಲ್ಲಿ ತೆರೆಕಂಡ ‘ಸಂಪತ್ತಿಗೆ ಸವಾಲ್’ ಚಿತ್ರದ ಹಾಡೊಂದನ್ನು ರಾಜಕುಮಾರರು ತಾವೇ ಹಾಡಿದರು. ಕ್ರಮೇಣ ಅವರ ಚಿತ್ರಗಳಲ್ಲಿ ಹೊರಗಿನ ಮುಖವೂ ಒಳಗಿನ ಕಂಠವೂ ಒಂದಾದವು. ಮುಖಪುಟ ಬರೆಯುವವನಿಗೆ ಅದರಿಂದ ಹೆಚ್ಚಿನ ಕೆಲಸವೇನೂ ಬೀಳಲಿಲ್ಲ.