ಎಂಜಿನ್ನಿನ ದೀಪವೂ ಅದರ ಸಂಕೇತಗಳೂ

ಕಲಾವಿಭಾಗದ ವಿದ್ಯಾರ್ಥಿನಿಯೊಬ್ಬಳು ಮೋಟಾರಿನ ವಿಷಯ ಬರೆಯಹೊರಟಳೆಂದರೆ ಮಿತ್ರರು ನಕ್ಕಾರು. ಅಧ್ಯಾಪಕರು ಹುಬ್ಬೇರಿಸಿದರೂ ಆಶ್ಚರ್ಯವಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವೇ ನಾನು ಓದುತ್ತಿರುವ ವಿಷಯಗಳು. ಆದರೆ ನಮ್ಮ ಮನೆಯ ಅನ್ನವೂ ನನ್ನ ಕಾಲೇಜಿನ ಶುಲ್ಕವೂ ಒಂದು ಹಳೆಯ ಪೆಟ್ರೋಲ್ ಕಾರಿನಿಂದ ಬರತಕ್ಕವು. 2014ರಲ್ಲಿ ತಯಾರಾದ ಆ ಕಾರನ್ನು ನಮ್ಮ ತಂದೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಬಾಡಿಗೆಗೆ ಓಡಿಸುತ್ತಾರೆ. ಆದುದರಿಂದ ಈ ವಿಷಯ ನನಗೆ ಪರಕೀಯವಲ್ಲ.

ಕಳೆದ ಮಳೆಗಾಲದಲ್ಲಿ ಒಂದು ದಿನ ಮೀಟರುಗಳ ನಡುವೆ ಎಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. "ಉರಿದ್ರೆ ಉರೀಲಿ ಬಿಡವ್ವ, ಗಾಡಿ ಓಡ್ತಾ ಐತಲ್ಲ" ಎಂದರು ತಂದೆ. ನಾನು ಬಿಡಲಿಲ್ಲ. ಬಿಡದೆ ಮಾಡಿದ್ದು ಬಿಟ್ಟುದಕ್ಕಿಂತ ಕೆಟ್ಟದಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ದೀಪ ಹುಟ್ಟಿದ ಬಗೆಯನ್ನು ನೋಡೋಣ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಕಣ್ಣುರಿಯ ಮಬ್ಬಿಗೆ ಮೋಟಾರುಗಳು ಉಗುಳುವ ಅನಿಲಗಳೂ ಕಾರಣವೆಂದು ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಲ್ಲಿಂದ ಬೆಳೆದ ಕಾನೂನುಗಳ ಫಲವಾಗಿ, ಹೊಗೆ ಹೆಚ್ಚಿಸುವ ದೋಷವನ್ನು ಕಾರು ತಾನೇ ಕಂಡುಹಿಡಿದು ಚಾಲಕನಿಗೆ ತಿಳಿಸಬೇಕೆಂಬ ನಿಯಮವನ್ನು ಕ್ಯಾಲಿಫೋರ್ನಿಯ 1988ರ ಮಾದರಿಯ ಕಾರುಗಳಿಂದ ತಂದಿತು. ಎಲ್ಲ ತಯಾರಕರಿಗೂ ಒಂದೇ ಬಗೆಯ ಸಂಕೇತ, ಒಂದೇ ಬಗೆಯ ಹದಿನಾರು ಪಿನ್ನುಗಳ ಸಾಕೆಟ್ಟು ಎಂಬ ಓಬಿಡಿ-2 ಪದ್ಧತಿ 1996ರಲ್ಲಿ ಅಮೆರಿಕದಲ್ಲಿ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 4ರ ವಾಹನಗಳಿಗೆ ಅದು 2013ರ ಏಪ್ರಿಲಿನಿಂದ ಬಂದಿತು. ಅಂದರೆ ಈ ದೀಪವನ್ನು ಇಟ್ಟದ್ದು ಮುಖ್ಯವಾಗಿ ಊರಿನ ಗಾಳಿಗಾಗಿ, ಮಾಲೀಕನ ಜೇಬಿಗಾಗಿ ಅಲ್ಲ. ಆದರೂ ಅದರ ಭಾಷೆ ತಿಳಿದವನ ಜೇಬು ಸ್ವಲ್ಪ ಉಳಿಯುವುದುಂಟು.

ಆ ಭಾಷೆ ಕಷ್ಟದ್ದಲ್ಲ. ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಬೆಂಕಿಪೆಟ್ಟಿಗೆಯಷ್ಟಿರುವ ಒಂದು ಅಡಾಪ್ಟರನ್ನು ಸಿಕ್ಕಿಸಿದರೆ ಸಂಕೇತವು ಮೊಬೈಲಿನಲ್ಲಿ ಕಾಣುತ್ತದೆ. ನಮಗೆ ಕಂಡದ್ದು ಪಿ 0302. 'ಪಿ' ಎಂದರೆ ಎಂಜಿನ್ನು, ಗೇರುಗಳಿಗೆ ಸೇರಿದ್ದು. ಮುಂದಿನ ಸೊನ್ನೆ, ಎಲ್ಲ ತಯಾರಕರಿಗೂ ಸಮಾನವಾದ ಸಂಕೇತವೆಂಬ ಗುರುತು. 3 ಎಂದರೆ ಕಿಡಿ ಹಾಗೂ ದಹನದ ವಿಷಯ. 02 ಎಂದರೆ ಎರಡನೆಯ ಸಿಲಿಂಡರು. ಒಟ್ಟಿನಲ್ಲಿ, ಎರಡನೆಯ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ. ಗ್ಯಾರೇಜಿನವರ ಮಾತಿನಲ್ಲಿ 'ಮಿಸ್ ಹೊಡೆಯುತ್ತಿದೆ'.

ಇದು ಕಂಪ್ಯೂಟರಿಗೆ ಗೊತ್ತಾಗುವ ಬಗೆ ನನಗೆ ಬಹಳ ಸೊಗಸೆನಿಸಿತು. ಅದೇನೂ ಸಿಲಿಂಡರಿನೊಳಗೆ ಇಣುಕಿ ನೋಡುವುದಿಲ್ಲ. ನಾಲ್ಕು ಸಿಲಿಂಡರುಗಳ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟಿನ ಪ್ರತಿ ಅರ್ಧ ಸುತ್ತಿಗೆ ಒಂದರಂತೆ, ಸಾಮಾನ್ಯವಾಗಿ 1, 3, 4, 2 ಎಂಬ ಸರದಿಯಲ್ಲಿ, ದಹನ ನಡೆಯುತ್ತದೆ. ಶಾಫ್ಟಿನೊಡನೆ ತಿರುಗುವ ಹಲ್ಲುಚಕ್ರದ ಹಲ್ಲುಗಳನ್ನು ಒಂದು ಸೆನ್ಸರು ಸದಾ ಎಣಿಸುತ್ತಿರುತ್ತದೆ. ಯಾವ ಸಿಲಿಂಡರು ತನ್ನ ಪಾಲಿನ ನೂಕು ಕೊಡಲಿಲ್ಲವೋ ಅದರ ಸರದಿಯಲ್ಲಿ ಚಕ್ರ ಕೂದಲೆಳೆಯಷ್ಟು ನಿಧಾನವಾಗುತ್ತದೆ. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬನು ಹೆಗಲು ತಗ್ಗಿಸಿದರೆ ಒಳಗೆ ಕುಳಿತವರಿಗೆ ತಿಳಿಯುವುದಿಲ್ಲವೆ, ಹಾಗೆ. ಆದರೆ ಅವನು ಹೆಗಲು ತಗ್ಗಿಸಿದುದು ಕಾಲು ನೋವಿಗೋ, ಹಸಿವಿಗೋ ಎಂಬುದು ಒಳಗಿನವರಿಗೆ ತಿಳಿಯದು. ಸಂಕೇತದ ಮಿತಿಯೂ ಇಷ್ಟೇ. ಅದು ಕಂಡದ್ದನ್ನು ಹೇಳುತ್ತದೆ. ಯಾವ ಭಾಗ ಕೆಟ್ಟಿದೆಯೆಂದು ಹೇಳುವುದಿಲ್ಲ. ಸ್ಪಾರ್ಕ್ ಪ್ಲಗ್ಗು, ಕಾಯಿಲ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರು, ವಾಲ್ವು, ಇವುಗಳಲ್ಲಿ ಯಾವುದು ಕೆಟ್ಟರೂ ಬರುವುದು ಅದೇ ಪಿ 0302.

ನಾನು ಅಂದು ಇಷ್ಟು ತಿಳಿದಿರಲಿಲ್ಲ. ಮೊಬೈಲಿನಲ್ಲಿ 'ಅಳಿಸು' ಎಂಬ ಗುಂಡಿ ಕಂಡಿತು, ಒತ್ತಿದೆ. ದೀಪ ಆರಿತು. ಓದಿದ ಮಗಳು ಗಾಡಿ ರಿಪೇರಿ ಮಾಡಿದಳೆಂದು ತಂದೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಮರುದಿನವೇ ಅವರಿಗೆ ಧರ್ಮಸ್ಥಳದ ಬಾಡಿಗೆ. ಹಿಂದಿರುಗುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರಿನಲ್ಲಿ ಕಾರು ನಡುಗತೊಡಗಿತು. ದೀಪ ಬರಿದೆ ಉರಿಯದೆ ಮಿನುಗತೊಡಗಿತು. ಮಗಳು ಸರಿಮಾಡಿದ್ದಾಳೆಂಬ ನಂಬಿಕೆಯಿಂದ ತಂದೆ ನಿಲ್ಲಿಸದೆ ಹತ್ತಿಸಿದರು. ಸಕಲೇಶಪುರದಲ್ಲಿ ಪ್ರಯಾಣಿಕರನ್ನು ಬಸ್ಸು ಹತ್ತಿಸಿ, ಅರ್ಧ ಬಾಡಿಗೆ ಹಿಂದಕ್ಕೆ ಕೊಟ್ಟು, ರಾತ್ರಿ ಮನೆ ಸೇರಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸ್ಥಿರವಾಗಿ ಉರಿಯುವ ದೀಪಕ್ಕೂ ಮಿನುಗುವ ದೀಪಕ್ಕೂ ಇರುವ ಅಂತರವನ್ನು ಕಾರಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ಮೊದಲನೆಯದು 'ಬೇಗ ತೋರಿಸು' ಎನ್ನುತ್ತದೆ; ಎರಡನೆಯದು 'ವೇಗ ತಗ್ಗಿಸಿ ನಿಲ್ಲಿಸು' ಎನ್ನುತ್ತದೆ. ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಆ ಕಾವಿಗೆ ಅದರೊಳಗಿನ ಜೇನುಗೂಡಿನಂಥ ರಚನೆ ಕರಗಿಹೋಗಬಹುದು. ಪ್ಲಾಟಿನಮ್, ಪಲ್ಲೇಡಿಯಮ್, ರೋಡಿಯಮ್‌ಗಳಂಥ ಲೋಹಗಳನ್ನು ಲೇಪಿಸಿದ ಆ ವಸ್ತುವಿನ ಬೆಲೆ ಕೇಳಿದರೆ ಬಾಡಿಗೆ ಕಾರಿನವನ ಎದೆ ಒಡೆದೀತು.

ಅಳಿಸಿದುದರಿಂದ ಇನ್ನೊಂದು ನಷ್ಟವೂ ಆಗಿತ್ತು. ದೋಷ ಕಂಡ ಕ್ಷಣದಲ್ಲಿ ವೇಗವೆಷ್ಟು, ಎಂಜಿನ್ನಿನ ಮೇಲೆ ಹೊರೆಯೆಷ್ಟು, ನೀರಿನ ಕಾವೆಷ್ಟು ಎಂಬುದನ್ನೆಲ್ಲ ಕಂಪ್ಯೂಟರು ಬರೆದಿಡುತ್ತದೆ. ಸಂಕೇತದೊಡನೆ ಆ ದಾಖಲೆಯೂ ಅಳಿಯುತ್ತದೆ. ಬ್ಯಾಟರಿಯ ತಂತಿ ಕಳಚುವ ಹಳೆಯ ಉಪಾಯದಿಂದಲೂ ಹೀಗೆಯೇ. ಇತಿಹಾಸದ ವಿದ್ಯಾರ್ಥಿನಿಯಾಗಿ ನಾನು ಮೂಲ ದಾಖಲೆಯನ್ನೇ ಸುಟ್ಟಿದ್ದೆ! ಘಾಟಿಯಲ್ಲಿ ಹೊಸದಾಗಿ ದಾಖಲಾದುದನ್ನು ಈ ಸಲ ಮೊದಲು ನೋಟ್‌ಬುಕ್ಕಿಗೆ ಇಳಿಸಿಕೊಂಡೆ: ಎಂಜಿನ್ನು ಬಿಸಿಯಾಗಿತ್ತು, ಹೊರೆ ಬಹುಮಟ್ಟಿಗೆ ಪೂರ್ಣವಾಗಿತ್ತು.

ಗ್ಯಾರೇಜಿನವರು ಕಾಯಿಲ್ ಬದಲಿಸೋಣವೆಂದರು. ಅದು ತಪ್ಪು ಊಹೆಯೇನಲ್ಲ, ಆದರೆ ಊಹೆಯೇ. ಊಹೆಯನ್ನು ಕಾಸಿಲ್ಲದೆ ಪರೀಕ್ಷಿಸುವ ದಾರಿಯೊಂದಿದೆ. ಎಂಜಿನ್ನು ತಣಿದ ಮೇಲೆ ಎರಡನೆಯ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಅವರಿಂದಲೇ ಹಾಕಿಸಿ, ಸಂಕೇತವನ್ನು ಅಳಿಸಿ (ಅಳಿಸುವ ಗುಂಡಿಯ ನಿಜವಾದ ಉಪಯೋಗ ಇಲ್ಲಿದೆ) ಊರಾಚೆಯ ಏರಿನಲ್ಲಿ ಓಡಿಸಿ ನೋಡಿದೆವು. ಕಾಯಿಲ್ ಕೆಟ್ಟಿದ್ದರೆ ದೋಷ ಅದರ ಜೊತೆ ಹೋಗಿ ಪಿ 0303 ಬರಬೇಕಿತ್ತು. ಬಂದದ್ದು ಪಿ 0302. ಕಾಯಿಲ್ ನಿರಪರಾಧಿ. ಇನ್ನು ಪ್ಲಗ್ಗುಗಳನ್ನು ಹಾಗೆಯೇ ಅದಲುಬದಲು ಮಾಡಿಸಿ ಮತ್ತೆ ಅದೇ ಏರು ಹತ್ತಿದೆವು. ಪಿ 0303!

ಆ ಪ್ಲಗ್ಗನ್ನು ಬಿಚ್ಚಿ ಬಿಸಿಲಿಗೆ ಹಿಡಿದಾಗ ಬಿಳಿಯ ಪಿಂಗಾಣಿಯ ಮೇಲೆ ಕೂದಲಿನಂತೆ ಒಂದು ಕಪ್ಪು ಬಿರುಕು ಕಾಣಿಸಿತು. ಏರಿನಲ್ಲಿ ಸಿಲಿಂಡರಿನ ಒತ್ತಡ ಹೆಚ್ಚಿದಾಗ ಕಿಡಿ ಹಾರಲು ಹೆಚ್ಚಿನ ವೋಲ್ಟೇಜು ಬೇಕು. ಆಗ ವಿದ್ಯುತ್ತು ತುದಿಯವರೆಗೆ ಹೋಗದೆ ಬಿರುಕಿನಲ್ಲೇ ಸೋರಿಹೋಗುತ್ತಿತ್ತು. ಊರೊಳಗಿನ ಸಮನಾದ ರಸ್ತೆಯಲ್ಲಿ ಏನೂ ಕಾಣದೆ ಘಾಟಿಯಲ್ಲಿ ಕೈಕೊಟ್ಟ ಕಾರಣ ಇದೇ. ಉಳಿದ ಮೂರಕ್ಕೂ ಅಷ್ಟೇ ವಯಸ್ಸಾದ್ದರಿಂದ ನಾಲ್ಕೂ ಪ್ಲಗ್ಗುಗಳನ್ನು ಬದಲಿಸಿದೆವು. ನಾಲ್ಕಕ್ಕೂ ಕೊಟ್ಟ ಹಣ ಒಂದು ಕಾಯಿಲಿನ ಬೆಲೆಗಿಂತ ಕಡಿಮೆ.

ಆದರೆ ಶಿರಾಡಿಯ ಏರಿನಲ್ಲಿ ಕನ್ವರ್ಟರಿಗೆ ಪೆಟ್ಟಾಯಿತೆ ಎಂಬ ಭಯ ಉಳಿದೇ ಇತ್ತು. ಅಳಿಸಿದ ಮೇಲೆ ಕಂಪ್ಯೂಟರು ತನ್ನ ಸ್ವಪರೀಕ್ಷೆಗಳನ್ನು ಮೊದಲಿನಿಂದ ನಡೆಸಬೇಕು. ಅದಕ್ಕೆ ಕೆಲವು ದಿನಗಳ ಓಡಾಟ ಬೇಕು. ಕನ್ವರ್ಟರು ಸೋತಿದ್ದರೆ ಪಿ 0420 ಬರುತ್ತದೆ. ಪ್ರತಿ ಸಂಜೆ ತಂದೆ ಕಾರು ನಿಲ್ಲಿಸುವುದನ್ನೇ ಕಾದು ಅಡಾಪ್ಟರು ಸಿಕ್ಕಿಸುತ್ತಿದ್ದೆ. ನಾಲ್ಕು ದಿನವೂ ಆ ಪರೀಕ್ಷೆಯೆದುರು 'ಅಪೂರ್ಣ' ಎಂದೇ ಇತ್ತು. ಐದನೆಯ ಸಂಜೆ 'ಪೂರ್ಣ' ಎಂದು ಬಂದಿತು, ಸಂಕೇತ ಯಾವುದೂ ಇರಲಿಲ್ಲ. ತಂದೆ ಕಿಟಕಿಯಿಂದ ಬಗ್ಗಿ, "ಏನಂತವ್ವ ಅದು?" ಎಂದು ಕೇಳಿದರು.

"ಏನೂ ಇಲ್ಲಪ್ಪ" ಎಂದೆ.